ಬೇಕೂಂತ ಕೊಂದದ್ದಕ್ಕೆ ದೋಷ ಇಲ್ಲ, ಗೊತ್ತಿಲ್ದೆ ಕೊಂದದ್ದಕ್ಕೆ ಉಂಟು, ಇದೆಂತ ಲೆಕ್ಕ ಮಾರಾಯ್ರೆ?

ಪೆರ್ಲದ ತೋಟದವ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಉಂಟು, ಬೈಬೇಡಿ. ನಮ್ದು ಕಾಸರಗೋಡು ಜಿಲ್ಲೆಯ ಪೆರ್ಲ ಹತ್ರ ಅಡಿಕೆ ತೋಟ. ಈ ಮಳೆಗಾಲದಲ್ಲಿ ನಮ್ಮ ಜಾಗದಲ್ಲಿ ಎರಡು ಸಾವು ಆಯ್ತು, ಮನುಷ್ಯರದ್ದಲ್ಲ, ಒಂದು ಕಾಡುಹಂದಿ, ಒಂದು ನಾಗರಹಾವು.

ಹಂದಿ ಕಥೆ ಮೊದ್ಲು. ಹೋದ ವರ್ಷ ನೆಟ್ಟ ಅಡಿಕೆ ಸಸಿ ಒಂದೇ ರಾತ್ರಿ ನಲ್ವತ್ತು ಬುಡ ಅಗೆದು ಹಾಕಿತ್ತು, ಮರಗೆಣಸಿನ ಸುದ್ದಿ ಬಿಡಿ, ಅದು ನಮ್ಗೆ ಸಿಗುದೇ ಇಲ್ಲ ಈಗ. ಕೇರಳದಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರೇ ಹಂದಿ ಹೊಡೀಲಿಕ್ಕೆ ಪರ್ಮಿಶನ್ ಕೊಡಬಹುದಲ್ಲ, ಹಾಗೆ ಅರ್ಜಿ ಹಾಕಿ, ಲೈಸೆನ್ಸ್ ಕೋವಿ ಇರುವವರು ಬಂದು ಹೊಡೆದ್ರು. ಟಾರ್ಚ್ ಹಿಡ್ದದ್ದು ನಾನೇ. ಒಂದೇ ಗುಂಡಿಗೆ ಬೀಳ್ಲಿಲ್ಲ ಅದು, ಹಿಂದಿನ ಕಾಲು ಎಳ್ಕೊಂಡು ತೋಡಿನವರೆಗೆ ಹೋಯ್ತು, ಅಲ್ಲಿ ಎರಡನೇದು. ಅಷ್ಟೊತ್ತು ಅದು ಹಾಕಿದ ಬೊಬ್ಬೆ ಆಚೆ ಗುಡ್ಡೆಗೆ ಕೇಳಿರ್ಬೇಕು. ರೂಲ್ಸ್ ಪ್ರಕಾರ ಗುಂಡಿ ತೆಗೆದು ಹೂತೆವು. ಮರುದಿನ ಬೆಳಿಗ್ಗೆ ಅಮ್ಮ ನೀರ್‌ದೋಸೆ ಮಾಡಿದ್ರು, ಎಲ್ರೂ ಹೊಟ್ಟೆ ತುಂಬ ತಿಂದೆವು, ಯಾರಿಗೂ ಎಂತದೂ ಅನ್ಸಲಿಲ್ಲ.

ಹದಿನೈದು ದಿನ ಕಳೆದು ನಾನು ಹುಲ್ಲು ತೆಗೆಯುವ ಮೆಷಿನ್ ಹಿಡ್ಕೊಂಡು ಹೋಗಿದ್ದೆ. ಬ್ಲೇಡಿಗೆ ಏನೋ ಬಡಿದ ಹಾಗಾಯ್ತು, ಕಲ್ಲು ಅಂದ್ಕೊಂಡು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಮತ್ತೆ ಆಫ್ ಮಾಡಿ ಬಗ್ಗಿ ನೋಡಿದ್ರೆ ಎರಡು ತುಂಡು, ಹೆಡೆ ಇನ್ನೂ ಬಿಚ್ಚಿಕೊಂಡೇ ಇತ್ತು. ಅವತ್ತು ಅಮ್ಮ ಊಟ ಮಾಡ್ಲಿಲ್ಲ. ಜೋಯಿಸರ ಹತ್ರ ಹೋದ್ರೆ ಸರ್ಪಹತ್ಯೆ, ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸ್ಲೇಬೇಕು, ಇಲ್ಲಾಂದ್ರೆ ಸಂತಾನಕ್ಕೆ ತೊಂದ್ರೆ ಅಂದ್ರು.

ನಾನು ಮಾಡಿಸುದಿಲ್ಲ ಅಂತ ಹೇಳ್ತಾ ಇಲ್ಲ. ನನ್ನ ಡೌಟ್ ಬೇರೆ. ಹಂದಿಯನ್ನ ನಾನು ಅರ್ಜಿ ಬರೆದು, ಸೀಲ್ ಹಾಕಿಸಿ, ಲೈಟ್ ಹಿಡಿದು ಕೊಲ್ಲಿಸಿದೆ. ಹಾವು ಇತ್ತೂಂತಲೇ ನಂಗೆ ಗೊತ್ತಿಲ್ಲ. ಮತ್ತೆ ಹತ್ಯೆ ಆದದ್ದು ಯಾವುದು? ಶಬ್ದ ನೋಡಿ, ಕೇರೆ ಹಾವು ಗಾಡಿ ಅಡಿಗೆ ಬಿದ್ರೆ ‘ಸತ್ತಿತು’, ನಾಗ ಬಿದ್ರೆ ‘ಹತ್ಯೆ’. ಮನುಷ್ಯರ ವಿಷಯದಲ್ಲೂ ಹೀಗೇನಾ? ಗಡಿಯಲ್ಲಿ ಸೈನಿಕ ಹೊಡೆದ್ರೆ ಒಂದು, ಗಲ್ಲಿಗೆ ಹಾಕಿದ್ರೆ ಒಂದು, ಲಾರಿ ಹತ್ತಿಸಿದ್ರೆ ಇನ್ನೊಂದು. ಕೊಲ್ಲುದು ಮತ್ತು ಕೊಲೆ, ಇದ್ರ ಮಧ್ಯೆ ಗೆರೆ ಎಲ್ಲಿ ಅಂತ ನಿಮ್ಮ ನಿಮ್ಮ ಧರ್ಮದಲ್ಲಿ ಹೇಗೆ ಹೇಳ್ತಾರೆ? ಗೊತ್ತಿದ್ದವ್ರು ಹೇಳಿ, ಫಾರ್ವರ್ಡ್ ಮೆಸೇಜ್ ಹಾಕ್ಬೇಡಿ.

ಬೇಳದ ಟೀಚರ್:

ನಾನು ಕ್ಯಾಟಿಕಿಸಮ್ (ಚರ್ಚಿನ ಧರ್ಮಪಾಠ) ಕ್ಲಾಸ್ ತಗೊಳ್ಳುವವಳು, ಹಾಗಾಗಿ ಈ ಪ್ರಶ್ನೆ ಎಂಟನೇ ಕ್ಲಾಸಿನ ಮಕ್ಕಳಿಂದ ಪ್ರತಿ ವರ್ಷ ಬರ್ತದೆ. ಬೈಬಲಿನ ಹತ್ತು ಕಟ್ಟಳೆಗಳಲ್ಲಿ ಕೊಲ್ಲುವ ವಿಷಯದ್ದು ನಮ್ಗೆ ಕ್ಯಾಥೋಲಿಕರಿಗೆ ಐದನೇದು, ಹೆಚ್ಚಿನ ಪ್ರೊಟೆಸ್ಟೆಂಟರ ಲೆಕ್ಕದಲ್ಲಿ ಆರನೇದು. ಹಳೇ ಇಂಗ್ಲಿಷ್ ಬೈಬಲಲ್ಲಿ, 1611ರದ್ದು, ‘ಕೊಲ್ಲಬೇಡ’ ಅನ್ನುವ ಅರ್ಥದಲ್ಲಿ ಉಂಟು, ಈಗಿನ ಸುಮಾರು ಅನುವಾದಗಳಲ್ಲಿ ‘ಕೊಲೆ ಮಾಡಬೇಡ’ ಅಂತ ಆಗಿದೆ. ಇದನ್ನ ಹಿಡ್ಕೊಂಡು ತುಂಬ ಜನ ಹೇಳುದು, ನೋಡಿ ಮೂಲ ಹೀಬ್ರೂವಿನಲ್ಲಿ ಇರುದು ‘ರಾಚಾಹ್’ ಅನ್ನುವ ಧಾತು, ಅದಕ್ಕೆ ಕೊಲೆ ಅಂತ ಮಾತ್ರ ಅರ್ಥ, ಯುದ್ಧ ಗಲ್ಲು ಎಲ್ಲ ಇದ್ರಲ್ಲಿ ಬರುದಿಲ್ಲ, ಮುಗೀತು ಅಂತ. ನಾನೂ ಮೊದಲು ಹಾಗೇ ಪಾಠ ಮಾಡ್ತಿದ್ದೆ. ಆದ್ರೆ ಬೈಬಲಿನ ಅರಣ್ಯಕಾಂಡದ (ಇಂಗ್ಲಿಷಲ್ಲಿ ನಂಬರ್ಸ್) 35ನೇ ಅಧ್ಯಾಯ ಕೂತು ಓದಿದ್ರೆ ಅದು ಅಷ್ಟು ಸಲೀಸಲ್ಲ, ಅಲ್ಲಿ ಕೈತಪ್ಪಿ ಕೊಂದವನಿಗೂ ಅದೇ ಧಾತು, ಹಗೆಯಿಂದ ಕೊಂದವನಿಗೂ ಅದೇ ಧಾತು, ಸಾಕ್ಷಿ ಕೇಳಿ ಕೊಲೆಗಾರನಿಗೆ ಮರಣದಂಡನೆ ಕೊಡುದಕ್ಕೂ 30ನೇ ವಚನದಲ್ಲಿ ಅದೇ. ಹಾಗಾದ್ರೆ ಗೆರೆ ಶಬ್ದದಲ್ಲಿಲ್ಲ. ನಮ್ಮ ಹಳೇ ಕನ್ನಡ ಬೈಬಲಿನ ‘ನರಹತ್ಯ ಮಾಡಬಾರದು’ ನನ್ಗೆ ಇವತ್ತಿಗೂ ಹೆಚ್ಚು ಸರಿ ಕಾಣ್ತದೆ, ಹಂದಿ ಹಾವು ಹೊರಗೆ ಉಳೀತದೆ, ಆದ್ರೆ ಕೈತಪ್ಪಿ ಆದ ಮನುಷ್ಯನ ಸಾವು ಒಳಗೇ ಇರ್ತದೆ.

ಅದೇ ಅಧ್ಯಾಯದಲ್ಲಿ ಆಶ್ರಯ ನಗರಗಳ ವಿಷಯ ಬರ್ತದೆ, ಆರು ಊರು. ಧರ್ಮೋಪದೇಶಕಾಂಡದಲ್ಲಿ ಇದಕ್ಕೆ ಕೊಡುವ ಉದಾಹರಣೆ ನಿಮ್ಮ ಮೆಷಿನ್ ಕಥೆಯೇ: ಇಬ್ಬರು ಮರ ಕಡೀಲಿಕ್ಕೆ ಕಾಡಿಗೆ ಹೋಗ್ತಾರೆ, ಕೊಡಲಿಯ ತಲೆ ಕಾವಿನಿಂದ ಕಳಚಿ ಹಾರಿ ಇನ್ನೊಬ್ಬನಿಗೆ ಬಡಿದು ಅವ ಸಾಯ್ತಾನೆ. ಹಗೆ ಇಲ್ಲ, ಹೊಂಚು ಇಲ್ಲ. ಅವ ಓಡಿ ಆಶ್ರಯ ನಗರ ಸೇರಿದ್ರೆ ಸತ್ತವನ ಕಡೆಯವರು ಅವನನ್ನ ಮುಟ್ಟುವ ಹಾಗಿಲ್ಲ. ಆದ್ರೆ ಮನೆಗೆ ವಾಪಸ್ ಬರುವ ಹಾಗೂ ಇಲ್ಲ! ಮಹಾಯಾಜಕ ಸಾಯುವವರೆಗೆ ಅಲ್ಲೇ ಇರ್ಬೇಕು. ಹತ್ತು ವರ್ಷವೂ ಆಗಬಹುದು. ತಪ್ಪಿಲ್ಲ ಅಂತ ತೀರ್ಮಾನ ಆದ ಮೇಲೂ ತೋಟ, ಮನೆ, ದನಕರು ಎಲ್ಲ ಬಿಟ್ಟು. ಮಕ್ಕಳಿಗೆ ಇದು ಅನ್ಯಾಯ ಅನ್ಸ್ತದೆ, ಟೀಚರ್ ಅವ ಎಂತ ಮಾಡಿದ್ದು ಅಂತ ಕೇಳ್ತಾರೆ. ನಾನು ಪ್ರತಿ ಸಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ.

ಗಲ್ಲಿನ ವಿಷಯದಲ್ಲಿ ನಮ್ಮ ಕ್ಯಾಥೋಲಿಕ್ ಸಭೆಯೇ ಜಾಗ ಬದ್ಲಿಸಿದೆ. ಮೊದ್ಲು ಕೆಲವು ಸಂದರ್ಭದಲ್ಲಿ ಸರಕಾರಕ್ಕೆ ಹಕ್ಕು ಉಂಟು ಅಂತ ಇತ್ತು, 2018ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನ ತಿದ್ದಿ ಒಪ್ಪಲಿಕ್ಕೆ ಆಗುದಿಲ್ಲ ಅಂತ ಮಾಡಿದ್ರು.

ಲೊಡಕ್ಕಾಸು ಬೆಂಗ್ಳೂರು:

ಎಲ್ಲ ಒಂದೇ. ಗೆದ್ದವ ಕೊಂದ್ರೆ ಸಂಹಾರ, ಸೋತವ ಕೊಂದ್ರೆ ಕೊಲೆ. ಮನುಸ್ಮೃತಿಯಲ್ಲಿ ಆತತಾಯಿ, ಅಂದ್ರೆ ಕೊಲ್ಲಲಿಕ್ಕೆ ಬರುವವ, ಮೈಮೇಲೆ ಬಂದ್ರೆ ಗುರುವಾಗ್ಲಿ ಮುದುಕನಾಗ್ಲಿ ಬ್ರಾಹ್ಮಣನಾಗ್ಲಿ ಹಿಂದೆ ಮುಂದೆ ನೋಡದೆ ಕೊಲ್ಲು ಅಂತ ಉಂಟು, ಅಲ್ಲಿಗೆ ಎದುರಿನವನನ್ನ ಆತತಾಯಿ ಅಂತ ಕರೆದ್ರೆ ಸಾಕು ಕೆಲ್ಸ ಆಯ್ತು. ಧರ್ಮ ಯಾಕೆ, ನಮ್ಮ ರೋಡ್ ಬದಿ ನೋಡಿ, ಪಾರ್ಟಿ ಗಲಾಟೆಯಲ್ಲಿ ಸತ್ತವರ ಫೋಟೋ ಕೆಳಗೆ ಒಂದು ಕಡೆ ‘ಬಲಿದಾನಿ’, ಇನ್ನೊಂದು ಕಡೆ ಮಲಯಾಳದಲ್ಲಿ ‘ರಕ್ತಸಾಕ್ಷಿ’. ಇಬ್ರ ಫ್ಲೆಕ್ಸಲ್ಲೂ ನಾವು ಕೊಂದದ್ದು ಅಂತ ಒಂದು ಸಾಲು ಇರುದಿಲ್ಲ. ಕುಕ್ಕೆಗೆ ಹೋಗುವ ದುಡ್ಡಲ್ಲಿ ಬೇಲಿ ಹಾಕ್ಸಿ ಅಣ್ಣ.

ಪೆರ್ಲದ ತೋಟದವ:

ಬೇಲಿ ಹಾಕ್ಸಿದ್ದೇನೆ ಮಾರಾಯ, ಹಂದಿ ಬೇಲಿ ಅಡಿಯಿಂದ ಬರ್ತದೆ. ಫ್ಲೆಕ್ಸ್ ಮಾತು ಮಾತ್ರ ಹೌದು.

ಚೆಂಡೆಪೆಟ್ಟು:

ಲೊಡಕ್ಕಾಸು ಅವರೇ, ಗೆದ್ದವನೇ ಹೆಸರಿಡುದು ಅನ್ನುದು ಅರ್ಧ ಸರಿ, ಪೂರ್ತಿ ಅಲ್ಲ. ನಮ್ಮ ಕುಂಬಳೆ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇದಕ್ಕೆ ಉತ್ತರ ತಾಳಮದ್ದಳೆಯಲ್ಲೇ (ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಸಿಗ್ತದೆ. ಪ್ರಸಂಗದ ಹೆಸರು ವಾಲಿವಧೆ, ಕೀಚಕವಧೆ, ಯಾರೂ ‘ವಾಲಿ ಕೊಲೆ’ ಅಂತ ಇಟ್ಟದ್ದಿಲ್ಲ, ಒಪ್ಪಿದೆ. ಆದ್ರೆ ಆ ವಧೆ ಅನ್ನುವ ಹೆಸರಿನ ಕೆಳಗೇ ಬಾಣ ತಾಗಿ ಬಿದ್ದವನಿಗೆ ಗಂಟೆಗಟ್ಲೆ ಮಾತಾಡ್ಲಿಕ್ಕೆ ಬಿಡ್ತಾರಲ್ಲ, ಅದು ಎಂತ? ಸತ್ತವನಿಗೆ ಮೈಕ್ ಕೊಡುವ ಕೋರ್ಟ್ ಬೇರೆ ಎಲ್ಲಿಯಾದ್ರೂ ಉಂಟಾ?

ಮೂಲ ರಾಮಾಯಣದಲ್ಲೂ ವಾಲಿ ಬಿಡುದಿಲ್ಲ. ನಾನು ಬೇರೆಯವನ ಜೊತೆ ಹೋರಾಡ್ತಿದ್ದಾಗ ಮರೆಯಲ್ಲಿ ನಿಂತು ಹೊಡೆದಿಯಲ್ಲ, ನನ್ನ ಚರ್ಮ ನಿಂಗೆ ಉಪಯೋಗ ಇಲ್ಲ, ನನ್ನ ಮಾಂಸ ತಿನ್ನುವ ಹಾಗಿಲ್ಲ, ಮತ್ತೆ ಯಾಕೆ ಕೊಂದೆ ಅಂತ ಕೇಳ್ತಾನೆ. ರಾಮ ಎರಡು ಉತ್ತರ ಕೊಡ್ತಾನೆ: ಒಂದು, ತಮ್ಮ ಬದುಕಿರುವಾಗ್ಲೇ ಅವನ ಹೆಂಡತಿ ರುಮೆಯನ್ನ ಇಟ್ಕೊಂಡೆ, ಅದಕ್ಕೆ ದಂಡನೆ. ಎರಡು, ನೀನು ಶಾಖಾಮೃಗ, ಮೃಗವನ್ನ ರಾಜರು ಮರೆಯಲ್ಲಿ ನಿಂತೂ ಹೊಡೀತಾರೆ, ಅದ್ರಲ್ಲಿ ದೋಷ ಇಲ್ಲ. ಈಗ ಒಳ್ಳೆ ಅರ್ಥಧಾರಿ (ಪಾತ್ರದ ಮಾತು ಆಡುವವ) ವಾಲಿ ಆಗಿ ಕೂತ್ರೆ ಇಲ್ಲೇ ಹಿಡೀತಾನೆ, ಈ ಎರಡನ್ನೂ ಒಟ್ಟಿಗೆ ಹೇಳ್ಬೇಡ, ನಾನು ಮೃಗ ಅಂತಾದ್ರೆ ಅತ್ತಿಗೆ ನಾದಿನಿ ಧರ್ಮ ನನ್ನ ಹತ್ರ ಕೇಳುದು ಯಾಕೆ, ಧರ್ಮ ಕೇಳುದಾದ್ರೆ ಮರದ ಮರೆ ಯಾಕೆ, ಎದುರು ಬಾ! ಸಣ್ಣವನಿದ್ದಾಗ ನಮ್ಮೂರ ಶಾಲೆ ಜಗಲಿಯಲ್ಲಿ ಇದನ್ನ ಕೇಳಿ ಎದುರು ಕೂತ ರಾಮನ ಅರ್ಥಧಾರಿ ಎಲೆಅಡಿಕೆ ಬಾಯಿಗೆ ಹಾಕಿ ಸುಮಾರು ಹೊತ್ತು ಸುಮ್ಮನೆ ಅಗೀತಾ ಕೂತದ್ದು, ಭಾಗವತರು ತಾಳ ಕೈಯಲ್ಲೇ ಹಿಡ್ಕೊಂಡು ಅವರ ಮುಖ ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಕೊನೆಗೆ ಅವರು ಎಂತ ಹೇಳಿದ್ರು ಅಂತ ಮರ್ತೇಹೋಗಿದೆ, ಆ ಸುಮ್ಮನೆ ಕೂತದ್ದು ಮಾತ್ರ ನೆನಪು.

ನಿಮ್ಮ ಹಂದಿಗೂ ಇದೇ ಪ್ರಶ್ನೆ ನೋಡಿ. ಅದು ಬೆಳೆ ತಿಂದದ್ದು ‘ತಪ್ಪು’ ಅಂತ ಹೊಡೆದದ್ದಾ, ಮೃಗ ಅಂತ ಹೊಡೆದದ್ದಾ? ಮೃಗಕ್ಕೆ ತಪ್ಪು ಇಲ್ಲ. ತಪ್ಪು ಇಲ್ದವನನ್ನ ನಮ್ಮ ಹೊಟ್ಟೆಪಾಡಿಗೆ ಕೊಂದೆವು ಅಂತ ಒಪ್ಪಿಕೊಂಡ್ರೆ ಆಯ್ತು, ಅದಕ್ಕೆ ದಂಡನೆಯ ಬಣ್ಣ ಬಳೀಬಾರ್ದು. ಮಹಾಭಾರತದಲ್ಲಿ ಧರ್ಮವ್ಯಾಧ ಮಾಂಸ ಮಾರುವ ಅಂಗಡಿಯಲ್ಲಿ ಕೂತು ಬ್ರಾಹ್ಮಣನಿಗೆ ಹೇಳುದು ಹೆಚ್ಚು ಕಡಿಮೆ ಇದೇ, ನೇಗಿಲು ಹೂಡಿದ್ರೂ ಮಣ್ಣೊಳಗೆ ಎಷ್ಟೋ ಜೀವ ಸಾಯ್ತವೆ, ಹಿಂಸೆ ಮಾಡದವ ಯಾರು ಅಂತ. ಅವ ತನ್ನ ಕಸುಬು ಘೋರ ಅಂತ ತಾನೇ ಒಪ್ತಾನೆ, ಅದೇ ಅವನ ದೊಡ್ಡತನ ಅಂತ ನನ್ಗೆ.

ಉಪ್ಪಳದ ಡ್ರೈವರ್ (ರಿಟೈರ್ಡ್):

ಅಸ್ಸಲಾಮು ಅಲೈಕುಂ, ನಮಸ್ಕಾರ. ನನ್ನ ಕನ್ನಡ ಶಾಲೆ ಕನ್ನಡ, ತಪ್ಪಿದ್ರೆ ಸರಿ ಮಾಡಿ. ಸೌದಿಯಲ್ಲಿ ಹತ್ತೊಂಬತ್ತು ವರ್ಷ ಟ್ರೈಲರ್ ಓಡಿಸಿದವ, ಹಾಗಾಗಿ ಈ ವಿಷಯ ಪುಸ್ತಕದಲ್ಲಿ ಅಲ್ಲ ರೋಡಲ್ಲಿ ನೋಡಿದ್ದು.

ಒಂದು ಜೀವವನ್ನ ಅನ್ಯಾಯವಾಗಿ ಕೊಂದ್ರೆ ಇಡೀ ಮನುಷ್ಯಕುಲವನ್ನೇ ಕೊಂದ ಹಾಗೆ ಅಂತ ಕುರ್‌ಆನಿನಲ್ಲಿ 5ನೇ ಸೂರದಲ್ಲಿ ಉಂಟು, ಅದು ಎಲ್ರಿಗೂ ಗೊತ್ತು, ಸ್ಟೇಟಸ್ ಹಾಕ್ತಾರೆ. ಹೆಚ್ಚು ಜನ ನೋಡದ್ದು 4ನೇ ಸೂರದ 92, 93. ಎರಡು ಆಯತ್ ಅಕ್ಕಪಕ್ಕ, 93ರಲ್ಲಿ ಬೇಕೂಂತ ಕೊಂದವನಿಗೆ ನರಕ ಅಂತ ಖಡಕ್ಕಾಗಿ ಉಂಟು, 92 ಕೈತಪ್ಪಿ ಕೊಂದವನಿಗೆ. ಕೈತಪ್ಪಿದವನಿಗೆ ಎರಡು ಸಾಲ: ಸತ್ತವನ ಮನೆಯವ್ರಿಗೆ ದಿಯತ್ ಅಂದ್ರೆ ರಕ್ತಪರಿಹಾರ, ಮನೆಯವ್ರು ಮಾಫ್ ಮಾಡಿದ್ರೆ ಅದು ತೀರ್ತು. ಇನ್ನೊಂದು ಅಲ್ಲಾಹನಿಗೆ, ಒಬ್ಬ ಗುಲಾಮನನ್ನ ಬಿಡುಗಡೆ ಮಾಡ್ಬೇಕು, ಅದು ಆಗದಿದ್ರೆ ಎರಡು ತಿಂಗಳು ಬಿಡದೆ ಉಪವಾಸ. ಇದನ್ನ ಮನೆಯವ್ರು ಮಾಫ್ ಮಾಡ್ಲಿಕ್ಕೆ ಆಗುದಿಲ್ಲ. ಪೆಟ್ಟು ತಿಂದವ್ರು ಬಿಟ್ರೂ ಇವನ ಕೈಯಿಂದ ಒಂದು ಜೀವ ಹೋಯ್ತಲ್ಲ, ಆ ಲೆಕ್ಕ ಬೇರೆಯೇ ನಿಲ್ತದೆ.

ನಮ್ಮ ರೂಮಲ್ಲಿ ಒಬ್ಬ ಇದ್ದ, ಊರು ಹೆಸರು ಬೇಡ. ರಾತ್ರಿ ರೋಡ್ ಕ್ರಾಸ್ ಮಾಡುವವ ಗಾಡಿಗೆ ಸಿಕ್ಕಿದ, ತಪ್ಪು ಹೆಚ್ಚು ಸತ್ತವನದ್ದೇ. ಇನ್ಶೂರೆನ್ಸ್ ದುಡ್ಡು ಕೊಟ್ಟಿತು, ಕೇಸ್ ಮುಗೀತು, ಕಂಪೆನಿಯವ್ರು ನಾಳೆ ಡ್ಯೂಟಿಗೆ ಬಾ ಅಂದ್ರು. ಇವ ಉಪವಾಸ ಹಿಡ್ದ, ಆ ಜೂನ್ ಬಿಸಿಲಲ್ಲಿ. ನಲ್ವತ್ತು ದಿನ ಹೋಗಿ ಒಂದು ದಿನ ಮನಸ್ಸು ಸೋತು ನಡು ಮಧ್ಯಾಹ್ನ ನೀರು ಕುಡ್ದ, ಕಾಯಿಲೆ ಎಂತ ಇರ್ಲಿಲ್ಲ. ಎಡೆ ಬಿಡ್ಲಿಕ್ಕಿಲ್ಲ ಅಲ್ವಾ, ಪುನಃ ಒಂದರಿಂದ ಶುರು ಮಾಡಿದ. ನಾವೆಲ್ಲ ಬೇಡ ಮಾರಾಯ, ಆಮೇಲೆ ಚಳಿಗಾಲದಲ್ಲಿ ಮಾಡು ಅಂದೆವು. ಅವ ಹೇಳಿದ್ದು ಒಂದೇ ಮಾತು, ನಂಗೆ ರಾತ್ರಿ ಆ ಶಬ್ದ ಕೇಳ್ತದೆ ಅಂತ. ಪೂರ್ತಿ ಮಾಡಿದ ಮೇಲೆ ಊಟಕ್ಕೆ ನಮ್ಮನ್ನೆಲ್ಲ ಕರ್ದ, ಅವತ್ತೇ ಅವ ನಗಾಡಿದ್ದು ನಾನು ನೋಡಿದ್ದು. ಕೊಲೆ ಅಲ್ಲ ಅಂತ ಕೋರ್ಟ್ ಹೇಳಿತ್ತು, ಅವನಿಗೂ ಗೊತ್ತಿತ್ತು. ಆದ್ರೂ ಬೇಕಾಗಿತ್ತು ಅವನಿಗೆ ಅದು.

ನಿಮ್ಮ ಹಾವಿನ ವಿಷಯಕ್ಕೆ ನಮ್ಮಲ್ಲಿ ವಿಧಿ ಇಲ್ಲ, ಆದ್ರೆ ನಿಮ್ಮ ಅಮ್ಮ ಊಟ ಬಿಟ್ಟದ್ದು ನನ್ಗೆ ಅರ್ಥ ಆಗ್ತದೆ.

ಗುಮಾಸ್ತ:

ಕಾನೂನಿನ ಕಡೆಯಿಂದ ಸಣ್ಣದಾಗಿ. ಪೇಪರಲ್ಲಿ ಬರ್ತದಲ್ಲ ‘ಕೊಲೆಯಲ್ಲದ ನರಹತ್ಯೆ’ ಅಂತ, ಅದು ತಮಾಷೆ ಶಬ್ದ ಅಲ್ಲ. ನರಹತ್ಯೆ ದೊಡ್ಡ ಪೆಟ್ಟಿಗೆ, ಕೊಲೆ ಅದ್ರ ಒಳಗಿನ ಸಣ್ಣ ಪೆಟ್ಟಿಗೆ. ಮೊದ್ಲು ಐಪಿಸಿ 299, 300, ಈಗ 2024 ಜುಲೈ 1ರಿಂದ ನ್ಯಾಯ ಸಂಹಿತೆಯಲ್ಲಿ 100, 101. ನಿರ್ಲಕ್ಷ್ಯದ ಸಾವು ಮೊದ್ಲು 304ಎ, ಈಗ 106. ಆತ್ಮರಕ್ಷಣೆಗೆ ಬೇರೆಯೇ ಸೆಕ್ಷನ್‌ಗಳು ಉಂಟು. ಧರ್ಮಕ್ಕೂ ಕೋರ್ಟಿಗೂ ವ್ಯತ್ಯಾಸ ಎಂತ ಅಂದ್ರೆ ಕೋರ್ಟಿನಲ್ಲಿ ಖುಲಾಸೆ ಆದವ ಮೆಟ್ಲು ಇಳಿದು ಹೋಟೆಲಿಗೆ ಹೋಗಿ ಚಾ ಕುಡೀತಾನೆ, ಅಷ್ಟೇ. ಮೇಲೆ ಡ್ರೈವರ್ ಅಣ್ಣ ಹೇಳಿದ ಎರಡನೇ ಸಾಲಕ್ಕೆ ನಮ್ಮಲ್ಲಿ ಕೌಂಟರ್ ಇಲ್ಲ.

ಸ್ವರ್ಗದವ:

ಹೆಸರು ನೋಡಿ ನಗ್ಬೇಡಿ, ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಅಂತ ಊರೇ ಉಂಟು, ಪೆರ್ಲದವ್ರಿಗೆ ಗೊತ್ತು.

ಎಲ್ರೂ ಎರಡೇ ಡಬ್ಬಿ ಮಾಡಿದ್ರಿ, ಬೇಕೂಂತ ಕೊಂದದ್ದು, ಕೈತಪ್ಪಿ ಆದದ್ದು. ನಮ್ಮ ಊರಿನದ್ದು ಯಾವ ಡಬ್ಬಿಗೆ ಹಾಕ್ತೀರಿ? ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟದ್ದು ಇಪ್ಪತ್ತು ವರ್ಷಕ್ಕೂ ಮೇಲೆ. ನಾವು ಸಣ್ಣ ಮಕ್ಕಳು ಅಂಗಳಕ್ಕೆ ಓಡಿ ಹೆಲಿಕಾಪ್ಟರಿಗೆ ಕೈ ಬೀಸಿದ್ದು. ಬಾವಿಗೆ ಗೋಣಿ ಮುಚ್ಚಿ ಅಂತ ಹೇಳ್ತಿದ್ರು, ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು, ತೋಡಿನ ನೀರು ಮುಚ್ಚುದು ಹೇಗೆ? ನನ್ನ ಚಿಕ್ಕಮ್ಮನ ಮಗ ನಡೆದದ್ದೇ ಇಲ್ಲ, ಇಪ್ಪತ್ತಮೂರಕ್ಕೆ ತೀರಿಹೋದ, ಚಿಕ್ಕಮ್ಮ ಕೊನೆವರೆಗೂ ಅವನನ್ನ ಸೊಂಟದಲ್ಲಿ ಎತ್ಕೊಂಡೇ ಸ್ನಾನಕ್ಕೆ ಹೋಗುದು. ಯಾರಿಗೂ ಅವನನ್ನ ಕೊಲ್ಬೇಕೂಂತ ಇರ್ಲಿಲ್ಲ. ಪೈಲಟಿಗೆ ಅವ ಇದ್ದಾನೆ ಅಂತಲೇ ಗೊತ್ತಿಲ್ಲ, ನಿಮ್ಮ ನಾಗನ ಹಾಗೆ. ಆದ್ರೆ ಕರುಗಳು ಕಾಲು ತಿರುಚಿ ಹುಟ್ತಾ ಇದ್ದಾವೆ ಅಂತ ಊರಿನವ್ರು 80ರ ದಶಕದ ಆರಂಭದಲ್ಲೇ ಪೇಪರಿಗೆ ಬರೆದ್ರು, ಆಮೇಲೆ ಊರ ಡಾಕ್ಟ್ರು ಬೊಬ್ಬೆ ಹಾಕಿದ್ರು, ಆದ್ರೂ ಮದ್ದು ಬಿಟ್ರು, ಮತ್ತೂ ಮದ್ದು ಬಿಟ್ರು. ಸುಪ್ರೀಂ ಕೋರ್ಟ್ ಅದನ್ನ ದೇಶದಲ್ಲೇ ನಿಲ್ಸಿದ್ದು 2011ರಲ್ಲಿ, ಐದೈದು ಲಕ್ಷ ಕೊಡಿ ಅಂದದ್ದು 2017ರಲ್ಲಿ.

ಇದು ಆಕ್ಸಿಡೆಂಟಾ? ಕೊಲೆ ಅಂತ ನಾನೂ ಹೇಳುದಿಲ್ಲ, ಆದ್ರೆ ಆ ಶಬ್ದ ಬಿಟ್ರೆ ಬೇರೆ ಶಬ್ದ ಸಿಗುದಿಲ್ಲ ನನ್ಗೆ.

ಬಸದಿ ಕೇರಿ ಮಂಜೇಶ್ವರ:

ಸ್ವರ್ಗದವರೇ, ಶಬ್ದ ಉಂಟು. ಪ್ರಮಾದ.

ಜೈನರಲ್ಲಿ ಹಿಂಸೆಯ ಸೂತ್ರವೇ ‘ಪ್ರಮತ್ತಯೋಗಾತ್ ಪ್ರಾಣವ್ಯಪರೋಪಣಂ ಹಿಂಸಾ’ ಅಂತ. ಪ್ರಾಣ ಹೋದ ಮಾತ್ರಕ್ಕೆ ಅದು ಹಿಂಸೆ ಆಗುದಿಲ್ಲ, ಪ್ರಮತ್ತನಾಗಿ ಅಂದ್ರೆ ಎಚ್ಚರ ತಪ್ಪಿ, ರಾಗದ್ವೇಷ ಹಿಡ್ಕೊಂಡು ನಡ್ಕೊಂಡು ಪ್ರಾಣ ತೆಗೆದ್ರೆ ಹಿಂಸೆ. ನೋಡ್ಕೊಂಡು ಹೆಜ್ಜೆ ಇಡುವ ಮುನಿಯ ಕಾಲಡಿಗೆ ಇರುವೆ ಬಂದು ಸತ್ರೆ ಅವರಿಗೆ ಆ ದೋಷ ಇಲ್ಲ, ನೋಡದೆ ನಡೆದವನ ಕಾಲಡಿಗೆ ಒಂದೂ ಸಾಯದಿದ್ರೂ ದೋಷ ಉಂಟು. ಹಾಗಾಗಿ ‘ನಂಗೆ ಕೊಲ್ಬೇಕೂಂತ ಇರ್ಲಿಲ್ಲ’ ಅನ್ನುದು ನಮ್ಮಲ್ಲಿ ಪೂರ್ತಿ ಉತ್ತರ ಅಲ್ಲ, ‘ನೋಡಿದ್ದೆಯಾ?’ ಅಂತ ಮುಂದಿನ ಪ್ರಶ್ನೆ ಬರ್ತದೆ. ಗೃಹಸ್ಥರಿಗೆ ನಾಲ್ಕು ಥರ ಹೇಳ್ತಾರೆ, ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ: ಬೇಕೂಂತ ಮಾಡುದು, ಅಡಿಗೆ ಗುಡಿಸುದು ಇದ್ರಲ್ಲಿ ಆಗುದು, ಬೇಸಾಯ ಕಸುಬಿನಲ್ಲಿ ಆಗುದು, ಮೈಮೇಲೆ ಬಂದವನನ್ನ ತಡೆಯುವಾಗ ಆಗುದು. ಮೊದಲನೇದನ್ನ ಪೂರ್ತಿ ಬಿಡ್ಬೇಕು, ಉಳಿದ ಮೂರು ಗೃಹಸ್ಥನಿಗೆ ತಪ್ಪುದಿಲ್ಲ, ಆದಷ್ಟು ಕಡಿಮೆ ಮಾಡ್ಬೇಕು. ಪೆರ್ಲದವರ ಹಾವು ಉದ್ಯೋಗಿಗೆ ಬರ್ತದೆ. ಹಂದಿಯನ್ನ ವಿರೋಧಿಗೆ ಹಾಕ್ಬಹುದಾ ಅಂತ ನಮ್ಮ ಮನೆಯಲ್ಲೇ ಜಗಳ ಆಯ್ತು ಈಗ, ಅಪ್ಪ ಹೇಳ್ತಾರೆ ಅದು ಸಸಿ ಮೇಲೆ ಬಂದದ್ದು ಮನುಷ್ಯನ ಮೇಲೆ ಬಂದದ್ದಲ್ಲ, ಅರ್ಜಿ ಬರೆದ ಮೇಲೆ ಅದು ಸಂಕಲ್ಪವೇ ಅಂತ.

ಬೇಳದ ಟೀಚರ್:

ಸ್ವರ್ಗದವರ ಪ್ರಶ್ನೆಗೆ ನಮ್ಮಲ್ಲೂ ಒಂದು ಜಾಗ ಉಂಟು, ಮೊದ್ಲೇ ಬರೀಬೇಕಿತ್ತು. ವಿಮೋಚನಕಾಂಡ 21ರಲ್ಲಿ ಹಾಯುವ ಎತ್ತು. ಎತ್ತು ಹಾಯ್ದು ಮನುಷ್ಯ ಸತ್ರೆ ಎತ್ತನ್ನ ಕಲ್ಲೆಸೆದು ಕೊಲ್ಬೇಕು, ಯಜಮಾನನ ಮೇಲೆ ತಪ್ಪಿಲ್ಲ. ಆದ್ರೆ ಅದು ಹಾಯುವ ಎತ್ತು ಅಂತ ಮೊದ್ಲೇ ಅವನಿಗೆ ಎಚ್ಚರಿಕೆ ಕೊಟ್ಟಿದ್ದು, ಅವ ಕಟ್ಟಿ ಹಾಕದೆ ಬಿಟ್ಟಿದ್ರೆ ಯಜಮಾನನಿಗೂ ಮರಣ. ಎತ್ತು ಅದೇ, ಕೊಂಬು ಅದೇ, ನಡುವೆ ಆದದ್ದು ಅವನಿಗೆ ಯಾರೋ ಬಂದು ಹೇಳಿದ್ದು ಮಾತ್ರ. ನಿಮ್ಮ ಚಿಕ್ಕಮ್ಮನ ಮಗನ ಮಟ್ಟಿಗೆ ಹೇಳಿದವ್ರು ಇದ್ರಲ್ಲ.

ಲೊಡಕ್ಕಾಸು ಬೆಂಗ್ಳೂರು:

ಟೀಚರ್, ಇದು ಹೌದು. ನಾನು ಮೇಲೆ ಎಲ್ಲ ಒಂದೇ ಅಂದದ್ದು ವಾಪಸ್. ಸ್ವರ್ಗದವರೇ, ಬೇಜಾರಾಯ್ತು ಓದಿ.

ಪೆರ್ಲದ ತೋಟದವ:

ಎಲ್ರಿಗೂ ಥ್ಯಾಂಕ್ಸ್, ಎರಡು ಸಲ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಉಪ್ಪಳದ ಅಣ್ಣ ಹೇಳಿದ ಆ ಉಪವಾಸದ ಕಥೆ ಕೇಳಿ ಅಮ್ಮ ‘ಅದೇ ನಾನು ಹೇಳಿದ್ದು’ ಅಂದ್ರು, ಅವ್ರು ಎಂತದೂ ಹೇಳಿರ್ಲಿಲ್ಲ ನಿಜವಾಗಿ. ಕುಕ್ಕೆಗೆ ಹೋಗ್ತೇನೆ. ಸಂತಾನ ದೋಷ ಅಂತ ಹೆದ್ರಿ ಅಲ್ಲ, ಬ್ಲೇಡಿಗೆ ಬಡಿದ ಆ ಒಂದು ಸಣ್ಣ ಪೆಟ್ಟು ಕೈಯಲ್ಲಿ ಇನ್ನೂ ಉಂಟು. ಹಂದಿ ವಿಷಯದಲ್ಲಿ ಬಸದಿ ಕೇರಿಯವರ ಅಪ್ಪ ಹೇಳಿದ್ದು ಸರಿ, ಸಂಕಲ್ಪವೇ, ಅರ್ಜಿಯ ಕಾಪಿ ಮನೆಯಲ್ಲಿ ಉಂಟು. ಮುಂದಿನ ವರ್ಷ ಮತ್ತೆ ಬಂದ್ರೆ ಮತ್ತೆ ಅರ್ಜಿ ಹಾಕ್ತೇನೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಟಾರ್ಚ್ ಹಿಡಿದವ್ನಿಗೆ ನೀರ್‌ದೋಸೆ ಅಷ್ಟು ಸಲೀಸಾಗಿ ಇಳಿದದ್ದು ಯಾಕೆ ಅಂತ ಈಗ ಒಂದು ಥರ ಆಗ್ತಾ ಉಂಟು.

ಬೇಳದ ಟೀಚರ್:

ಇನ್ನೊಂದು ಇದೆ, ಉಪದೇಶ ಅಲ್ಲ, ನಮ್ಮನೆ ಅನುಭವ. ಹೊಸ ಮನೆ ಕಟ್ಟಿದ್ರೆ ಮಾಳಿಗೆಗೆ ಸುತ್ತು ಗೋಡೆ ಕಟ್ಟು, ಯಾರಾದ್ರೂ ಬಿದ್ದು ಸತ್ತು ನಿನ್ನ ಮನೆ ಮೇಲೆ ರಕ್ತಾಪರಾಧ ಬರದ ಹಾಗೆ ಅಂತ ಧರ್ಮೋಪದೇಶಕಾಂಡ 22ರಲ್ಲಿ ಉಂಟು. ನಮ್ಮ ಯಜಮಾನರು ಹುಲ್ಲಿನ ಮೆಷಿನಿನ ಬ್ಲೇಡ್ ತೆಗೆದು ನೈಲಾನ್ ದಾರದ ತಲೆ ಹಾಕಿಸಿದ್ದಾರೆ. ದಪ್ಪ ಕಳೆಗೆ ಅಷ್ಟು ಆಗುದಿಲ್ಲ, ಆದ್ರೆ ಹಾವು ಕಪ್ಪೆ ತುಂಡಾಗುದು ತುಂಬ ಕಡಿಮೆ ಆಗಿದೆ. ಮೆಷಿನ್ ಶುರು ಮಾಡುವ ಮೊದ್ಲು ಒಂದು ಕೋಲಲ್ಲಿ ಹುಲ್ಲಿಗೆ ಬಡೀತಾ ಒಂದು ಸುತ್ತು ಬರ್ತಾರೆ.

ಪೆರ್ಲದ ತೋಟದವ:

ಆ ದಾರ ಪೆರ್ಲದಲ್ಲಿ ಸಿಗ್ತದಾ ಟೀಚರ್, ಬದಿಯಡ್ಕಕ್ಕೇ ಹೋಗ್ಬೇಕಾ? ಎಷ್ಟು ಮಿಲ್ಲಿಮೀಟರಿನದ್ದು?